ಉಳ್ಳಾಗಡ್ಡಿ ತಪ್ಪಲ ಹಳದಿ ಆದರೆ ಮೊದಲು ಒಂದು ಗಿಡ ಕಿತ್ತು ನೋಡ್ರಿ

ನಮ್ಮ ಜತ್ತ ತಾಲೂಕಿನಲ್ಲಿ ಉಳ್ಳಾಗಡ್ಡಿ ಇಲ್ಲದ ಅಡುಗೆಮನೆ ಇಲ್ಲ. ಜೋಳದ ರೊಟ್ಟಿ, ಖಾರ, ಜೋಡಿಗೆ ಒಂದು ಹಸಿ ಉಳ್ಳಾಗಡ್ಡಿ. ಇಷ್ಟಿದ್ದರೆ ಒಂದು ಹೊತ್ತಿನ ಊಟ ಆಯಿತು. ತಪ್ಪಲ ಇದ್ದರೆ ಝುಣಕ ಮಾಡುತ್ತೇವೆ. ಮಕ್ಕಳು ಹಸಿ ತಪ್ಪಲವನ್ನೇ ಕಡಿದು ತಿನ್ನುತ್ತಾರೆ.

ಅದಕ್ಕೇ ಬಹಳ ಮಂದಿ ಹಿತ್ತಲದಾಗ ಒಂದೆರಡು ಮಡಿ ಉಳ್ಳಾಗಡ್ಡಿ ಹಚ್ಚುತ್ತಾರೆ. ಅಗಿ ಹಚ್ಚಿದ ಮೇಲೆ ಒಂದು ತಿಂಗಳು ಎಲ್ಲ ಚೆಂದ ಇರುತ್ತದೆ. ಆಮೇಲೆ ಒಂದು ದಿನ ನೋಡಿದರೆ ತಪ್ಪಲದ ತುದಿ ಹಳದಿ. ಎಂಟು ದಿನ ಬಿಟ್ಟು ನೋಡಿದರೆ ಅರ್ಧ ಎಲೆ ಒಣಗಿದೆ. ಗಿಡ ಮಲಗಿದೆ.

ಆಗ ನಾವು ಏನು ಮಾಡುತ್ತೇವೆ? ಎರಡೇ ಕೆಲಸ. ಒಂದು, ಇನ್ನೂ ಎರಡು ಕೊಡ ನೀರು ಸುರಿಯುತ್ತೇವೆ. ಇಲ್ಲಂದ್ರ ಅಂಗಡಿಗೆ ಹೋಗಿ, "ಉಳ್ಳಾಗಡ್ಡಿ ಹಳದಿ ಆಗ್ಯಾವ್ರಿ, ಏನರ ಎಣ್ಣಿ ಕೊಡ್ರಿ" ಅನ್ನುತ್ತೇವೆ. ಅಂಗಡಿಯವರು ನಮ್ಮ ಮಡಿ ನೋಡಿಲ್ಲ. ಅವರು ಯಾವುದೋ ಒಂದು ಬಾಟಲಿ ಕೊಡುತ್ತಾರೆ. ರೊಕ್ಕ ಹೋಗುತ್ತದೆ. ಗಿಡ ಸುಧಾರಿಸುವುದಿಲ್ಲ. ಮೇಲೆ ಆ ಎಣ್ಣಿ ಹೊಡೆದ ತಪ್ಪಲ ನಮ್ಮ ಮನಿ ಮಕ್ಕಳ ಹೊಟ್ಟಿಗೇ ಹೋಗುತ್ತದೆ.

ಹಳದಿ ಆಗುವುದು ಒಂದು ರೋಗ ಅಲ್ಲ. ಅದು ಮನುಷ್ಯರಿಗೆ ಜ್ವರ ಬಂದ ಹಂಗ. ಜ್ವರ ನೆಗಡಿಗೂ ಬರುತ್ತದೆ, ಮಲೇರಿಯಾಕ್ಕೂ ಬರುತ್ತದೆ. ಡಾಕ್ಟರು ನೋಡಿ, ಕೇಳಿ, ಆಮೇಲೆ ಗುಳಿಗಿ ಕೊಡುತ್ತಾರೆ. ಉಳ್ಳಾಗಡ್ಡಿಗೂ ಹಾಗೇ ಮಾಡಬೇಕು. ಎಲ್ಲಕ್ಕಿಂತ ಹೆಚ್ಚು ಹಳದಿ ಆದ ಒಂದು ಗಿಡ ಆರಿಸ್ರಿ. ಕುರ್ಪಿಯಿಂದ ಮಣ್ಣು ಸಡಿಲ ಮಾಡಿ, ಬೇರು ಹರಿಯದ ಹಂಗ ಕೀಳ್ರಿ. ಒಂದು ಗಿಡ ಹೋದರೆ ಹೋಗಲಿ, ಉಳಿದವನ್ನು ಉಳಿಸಲಿಕ್ಕೆ ಅದು ಬೇಕು.

ಮೊದಲು ಬೇರು ನೋಡ್ರಿ

ಆರೋಗ್ಯದ ಉಳ್ಳಾಗಡ್ಡಿ ಬೇರು ಬೆಳ್ಳಗೆ ಇರುತ್ತದೆ. ಗಟ್ಟಿ ಇರುತ್ತದೆ. ಉಳ್ಳಾಗಡ್ಡಿ ಬೇರು ಆಳಕ್ಕೆ ಹೋಗುವ ಜಾತಿ ಅಲ್ಲ. ಬಹಳಷ್ಟು ಬೇರು ಮೇಲಿನ ಒಂದು ಗೇಣು ಮಣ್ಣಿನಲ್ಲೇ ಇರುತ್ತವೆ. ಜೋಳ, ತೊಗರಿ ಕೆಳಗಿನ ತೇವ ಎಳೆದುಕೊಳ್ಳುತ್ತವೆ. ಉಳ್ಳಾಗಡ್ಡಿಗೆ ಅದು ಆಗುವುದಿಲ್ಲ. ಮೇಲಿನ ಮಣ್ಣು ಒಣಗಿದರೆ ಅದಕ್ಕೆ ಬಾಯಾರಿಕೆ. ಮೇಲಿನ ಮಣ್ಣಿನಲ್ಲಿ ನೀರು ನಿಂತರೆ ಅದಕ್ಕೆ ಉಸಿರು ಕಟ್ಟುತ್ತದೆ. ಬೇರಿಗೂ ಗಾಳಿ ಬೇಕು. ಈ ಮಾತು ನೆನಪಿಡ್ರಿ.

ಬೇರು ಕಂದು ಬಣ್ಣ ಆಗಿ, ಮೆತ್ತಗಾಗಿ, ಮಣ್ಣು ಹಸಿ ವಾಸನೆ ಹೊಡೆದರೆ ನೀರು ಹೆಚ್ಚಾಗಿದೆ ಅಂತ ಅರ್ಥ. ಎರಿ ಭೂಮಿಯಲ್ಲಿ ಇದು ಬಹಳ ಆಗುತ್ತದೆ. ಎರಿ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಬಿರುಕು ಬಿಟ್ಟಿರುತ್ತದೆ, ಒಳಗೆ ರಾಡಿ ಇರುತ್ತದೆ. ನಾವು ಬಿರುಕು ನೋಡಿ ಮತ್ತೆ ನೀರು ಬಿಡುತ್ತೇವೆ. ಬೆರಳಿನ ಎರಡು ಗೆಣ್ಣು ಮಣ್ಣಿನಲ್ಲಿ ಒತ್ತಿ ನೋಡ್ರಿ. ಬೆರಳಿಗೆ ತೇವ ಹತ್ತಿದರೆ ನೀರು ಬೇಡ. ಅಷ್ಟೇ ಪರೀಕ್ಷೆ.

ನೀರು ಹೆಚ್ಚಾದ ಗಿಡ ಉಳಿಸಬಹುದು. ನಾಲ್ಕೈದು ದಿನ ನೀರು ನಿಲ್ಲಿಸ್ರಿ. ಮಡಿಯ ಒಂದು ಬದಿ ಒಡೆದು ನೀರು ಹರಿದು ಹೋಗಲಿಕ್ಕೆ ದಾರಿ ಮಾಡ್ರಿ. ಸಾಲಿನ ನಡುವೆ ಕುರ್ಪಿಯಿಂದ ಮೇಲೆ ಮೇಲೆ ಕೆದರ್ರಿ. ಆಳ ಕೆದರಿದರೆ ಬೇರು ಹರಿಯುತ್ತವೆ. ಹತ್ತು ಹನ್ನೆರಡು ದಿನದಲ್ಲಿ ನಡುವಿನಿಂದ ಹೊಸ ಹಸಿರು ಎಲೆ ಹೊರಡುತ್ತದೆ. ಹಳದಿ ಆದ ಹಳೆ ಎಲೆ ಮತ್ತೆ ಹಸಿರು ಆಗುವುದಿಲ್ಲ, ಅದರ ದಾರಿ ಕಾಯಬೇಡ್ರಿ. ಮುಂದಿನ ಸಲ ಹಚ್ಚುವಾಗ ಮಡಿಯನ್ನು ಅರ್ಧ ಗೇಣು ಎತ್ತರ ಮಾಡಿ ಹಚ್ಚಿದರೆ ಈ ತ್ರಾಸು ಬಹಳ ಕಡಿಮೆ.

ಮಸಾರಿ ಮಣ್ಣಿನಲ್ಲಿ ಉಲ್ಟಾ. ಅಲ್ಲಿ ನೀರು ನಿಲ್ಲುವುದಿಲ್ಲ. ಬಿಸಿಲಿನ ದಿನದಲ್ಲಿ ನಾಲ್ಕೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ನೀರು ಬೇಕು. ಹದಿನೈದು ದಿನಕ್ಕೊಮ್ಮೆ ಬಹಳ ನೀರು ಬಿಟ್ಟರೆ ಉಪಯೋಗ ಇಲ್ಲ. ಕೆಳಗೆ ಇಳಿದ ನೀರು ಉಳ್ಳಾಗಡ್ಡಿಗೆ ಸಿಗುವುದಿಲ್ಲ. ಮೇಲೆ ಒಣ ಹುಲ್ಲು ಅಥವಾ ಕಣಕಿಯ ಚೂರು ಹಾಸಿದರೆ ತೇವ ಉಳಿಯುತ್ತದೆ.

ನೀರು ಎಂಥಾದ್ದು?

ನಮ್ಮದು ಬರಗಾಲದ ತಾಲೂಕು. ಸಾಂಗಲಿ ಜಿಲ್ಲೆಯ ಪೂರ್ವದ ತುದಿ. ಆ ಕಡೆ ವಿಜಯಪುರ, ಈ ಕಡೆ ಅಥಣಿ. ಮ್ಹೈಸಾಳದ ಹತ್ತಿರ ಕೃಷ್ಣಾ ನದಿಯಿಂದ ನೀರು ಎತ್ತಿ ಈ ಕಡೆ ತರುವ ಯೋಜನೆ ಇದೆ. ಆದರೆ ಆ ನೀರು ಎಲ್ಲ ಊರಿಗೂ ಒಂದೇ ಸಮ ಬಂದಿಲ್ಲ. ಬಹಳ ಕಡೆ ಬೋರಿನ ನೀರೇ ಗತಿ. ಬ್ಯಾಸಗಿಯಲ್ಲಿ ಬೋರು ಆಳಕ್ಕೆ ಹೋದ ಹಂಗ ನೀರು ಸವಳು ಆಗುವುದುಂಟು.

ಉಳ್ಳಾಗಡ್ಡಿ ಸವಳಿಗೆ ತಡೆಯುವುದಿಲ್ಲ. ಜೋಳ ತಡೆಯುತ್ತದೆ, ಹತ್ತಿ ತಡೆಯುತ್ತದೆ. ಉಳ್ಳಾಗಡ್ಡಿ ನಾಜೂಕು. ಸವಳು ನೀರು ಕುಡಿದರೆ ಎಲೆಯ ತುದಿ ಸುಟ್ಟ ಹಂಗ ಒಣಗುತ್ತದೆ. ಗಿಡ ಕುಳ್ಳ ಉಳಿಯುತ್ತದೆ. ಮಡಿಯ ದಂಡಿ ಮೇಲೆ ಬೆಳ್ಳಗೆ ಉಪ್ಪು ಹೂ ಬಿಟ್ಟ ಹಂಗ ಕಾಣುತ್ತದೆ. ಬೇರು ಕೊಳೆತಿಲ್ಲ, ಎಲೆ ಮೇಲೆ ಹುಳ ಇಲ್ಲ, ತುದಿ ಮಾತ್ರ ಎಲ್ಲ ಗಿಡದಲ್ಲೂ ಒಂದೇ ಸಮ ಸುಟ್ಟಿದೆ ಅಂದ್ರ ನೀರಿನ ಮೇಲೆ ಸಂಶಯ ಪಡ್ರಿ.

ಇನ್ನೊಂದು ಮಾತು. ಬಚ್ಚಲ ನೀರಿಗೆ ಉಳ್ಳಾಗಡ್ಡಿ ಹಚ್ಚುವ ರೂಢಿ ನಮ್ಮಲ್ಲಿದೆ. ಬರಿ ಮೈ ತೊಳೆದ ನೀರು ಆದರೆ ಅಷ್ಟು ತ್ರಾಸಿಲ್ಲ. ಅರಿವಿ ಒಗೆದ ಪೌಡರಿನ ನೀರು, ಸೋಡಾದ ನೀರು ಹೋಗುತ್ತಿದ್ದರೆ ಅದೂ ಸವಳೇ. ಆ ನೀರಿಗೆ ತೆಂಗು ಹಚ್ಚ್ರಿ. ಉಳ್ಳಾಗಡ್ಡಿ ಬೇರೆ ಕಡೆ ಹಚ್ಚ್ರಿ.

ಸವಳಿನಿಂದ ಬಳಲಿದ ಮಡಿಗೆ ಎಣ್ಣಿ ಇಲ್ಲ. ಸಿಹಿನೀರು ಸಿಕ್ಕಾಗ ಒಂದು ಸಲ ಚೆನ್ನಾಗಿ ಹಾಯಿಸಿ, ಉಪ್ಪು ಕೆಳಗೆ ಇಳಿಯುವ ಹಂಗ ಮಾಡಬೇಕು. ನೀರು ಹರಿದು ಹೋಗಲಿಕ್ಕೆ ದಾರಿ ಇರಲೇಬೇಕು. ಚೆನ್ನಾಗಿ ಕಳಿತ ತಿಪ್ಪಿಗೊಬ್ಬರ ಹಾಕಬೇಕು. ಮಳಿಗಾಲದಲ್ಲಿ ಮಾಳಗಿಯ ನೀರು ಬ್ಯಾರಲ್ಲಿನಲ್ಲಿ ಹಿಡಿದಿಟ್ಟರೆ ಅಗಿಯ ಮೊದಲ ಹದಿನೈದು ದಿನಕ್ಕೆ ಅದು ಬಂಗಾರ. ಕೃಷ್ಣಾ ದಂಡೆಯ ಮಿರಜ, ವಾಳವಾ ಕಡೆ ನೀರು ಹೆಚ್ಚಾಗಿ ಹೊಲ ಸವಳು ಬಿದ್ದಿವೆ. ನಮ್ಮಲ್ಲಿ ನೀರಿಲ್ಲದ್ದಕ್ಕೆ ಸವಳು. ಒಂದೇ ಜಿಲ್ಲೆ, ಎರಡು ಕಥೆ.

ಹಸಿವಾಗಿರಬಹುದು

ಬೇರು ಬೆಳ್ಳಗಿದೆ. ನೀರೂ ಸರಿ ಇದೆ. ಆದರೂ ಗಿಡ ಸಣಕಲು. ಹೊರಗಿನ ಹಳೆ ಎಲೆಗಳು ಮೊದಲು ಹಳದಿ ಆಗುತ್ತವೆ, ನಡುವಿನ ಹೊಸ ಎಲೆ ತಿಳಿ ಹಸಿರು ಇರುತ್ತದೆ. ಇದು ಸಾರಜನಕದ ಹಸಿವು. ಸಾರಜನಕ ಅಂದ್ರ ಯೂರಿಯಾದಲ್ಲಿ ಇರುವ ಪೋಷಕ. ಹಸಿದ ಗಿಡ ಹಳೆ ಎಲೆಯಲ್ಲಿ ಇದ್ದದ್ದನ್ನು ತೆಗೆದು ಹೊಸ ಎಲೆಗೆ ಕೊಡುತ್ತದೆ. ತಾಯಿ ತನ್ನ ಪಾಲಿನ ರೊಟ್ಟಿ ಕೂಸಿಗೆ ಕೊಟ್ಟ ಹಂಗ. ಅದಕ್ಕೇ ಹಳೆ ಎಲೆ ಮೊದಲು ಸೊರಗುತ್ತದೆ.

ಉಲ್ಟಾ, ಹೊಸ ಎಲೆಗಳೇ ಮೊದಲು ಬಿಳಿಚಿಕೊಂಡರೆ ಗಂಧಕದ ಕೊರತೆ ಇರಬಹುದು. ಉಳ್ಳಾಗಡ್ಡಿಯ ಘಾಟು, ಕಣ್ಣೀರು ಬರಿಸುವ ಗುಣ ಗಂಧಕದಿಂದಲೇ ಬರುತ್ತದೆ. ಹಚ್ಚುವ ಮೊದಲೇ ಸುಪರ್ ಫಾಸ್ಫೇಟ್ ಹಾಕಿದ್ದರೆ ಅದರಲ್ಲಿ ಗಂಧಕ ಇರುತ್ತದೆ.

ಸರ್ಕಾರಿ ಗೊಬ್ಬರ ಎಷ್ಟು ಹಾಕಬೇಕು? ಹತ್ತು ಫೂಟು ಉದ್ದ, ನಾಲ್ಕು ಫೂಟು ಅಗಲದ ಒಂದು ಮಡಿಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಯೂರಿಯಾ ಸಾಕು. ಅಂದ್ರ ಏಳೆಂಟು ಚಹಾ ಚಮಚ. ಅಗಿ ಹಚ್ಚಿದ 30 ದಿನಕ್ಕೆ ಒಮ್ಮೆ, 45 ದಿನಕ್ಕೆ ಒಮ್ಮೆ. ಎಲೆಯ ಮೇಲೆ ಬೀಳದ ಹಂಗ ಸಾಲಿನ ನಡುವೆ ಉದುರಿಸಿ ನೀರು ಬಿಡ್ರಿ. 60 ದಿನ ದಾಟಿದ ಮೇಲೆ ಯೂರಿಯಾ ಬೇಡವೇ ಬೇಡ. ಆಮೇಲೆ ಹಾಕಿದರೆ ತಪ್ಪಲ ಬರುತ್ತದೆ, ಕುತ್ತಿಗೆ ದಪ್ಪ ಆಗುತ್ತದೆ, ಗಡ್ಡಿ ಇಟ್ಟರೆ ಕೊಳೆಯುತ್ತದೆ. ಯೂರಿಯಾ ಬೇಡ ಅನ್ನುವವರು ಒಂದು ಪಾಲು ಗೋಮೂತ್ರಕ್ಕೆ ಹತ್ತು ಪಾಲು ನೀರು ಕೂಡಿಸಿ ಬುಡಕ್ಕೆ ಹಾಕಬಹುದು. ಹಸಿ ಸಗಣಿ ಮಾತ್ರ ಹಾಕಬೇಡ್ರಿ. ಅದರಿಂದ ಮಣ್ಣಿನಲ್ಲಿ ಹುಳ ಬೀಳುತ್ತವೆ.

ಕಣ್ಣಿಗೆ ಕಾಣದ ನುಸಿ

ಈಗ ಎಲೆ ನೋಡೋಣ. ಎಲೆ ಮೇಲೆ ಬೆಳ್ಳಿ ಗೆರೆ ಎಳೆದ ಹಂಗ ಸಣ್ಣ ಸಣ್ಣ ಬಿಳಿ ಗೀರು ಇವೆಯೇ? ಎಲೆ ಮುರುಟಿದೆಯೇ? ಹಂಗಿದ್ದರೆ ನಡುವಿನ ಎಲೆಗಳನ್ನು ಮೆಲ್ಲಗೆ ಬಿಡಿಸ್ರಿ. ಎಲೆಗಳು ಕೂಡುವ ಸಂದಿಯಲ್ಲಿ ಹಳದಿ ಬಣ್ಣದ ಸಣ್ಣ ಜೀವಗಳು ಓಡಾಡುತ್ತವೆ. ಉದ್ದ ಒಂದೇ ಮಿಲಿಮೀಟರು. ಇದಕ್ಕೆ ಥ್ರಿಪ್ಸ್ ನುಸಿ ಅನ್ನುತ್ತಾರೆ. ಮರಾಠಿಯಲ್ಲಿ ಫುಲಕಿಡೆ.

ಕಣ್ಣಿಗೆ ಸರಿ ಕಾಣದಿದ್ದರೆ ನಿಮ್ಮ ಕರಿ ಪಾಟಿ ತಗೊಂಡು ಬರ್ರಿ. ಪಾಟಿಯ ಮೇಲೆ ಗಿಡವನ್ನು ಹಿಡಿದು ಎರಡು ಮೂರು ಸಲ ಜಾಡಿಸ್ರಿ. ಕರಿ ಪಾಟಿಯ ಮೇಲೆ ಹಳದಿ ನುಸಿ ಚೊಕ್ಕ ಕಾಣುತ್ತದೆ. ಎಣಿಸ್ರಿ. ನಮ್ಮ ವರ್ಗದಲ್ಲಿ ಒಬ್ಬ ಅವ್ವ ಹಿಂಗ ಎಣಿಸಿ, "ನೂರರ ತನಕಾ ಕಲಿತದ್ದು ಇವತ್ತ ಉಪಯೋಗಕ್ಕ ಬಂತ್ರಿ ಸರ್" ಅಂದಿದ್ದರು. ಒಂದು ಗಿಡಕ್ಕೆ ಸುಮಾರು 30 ನುಸಿ ಆಗುವ ತನಕ ಅಂಗಡಿಯ ಎಣ್ಣಿ ಬೇಕಿಲ್ಲ ಅಂತ ಉಳ್ಳಾಗಡ್ಡಿ ಸಂಶೋಧಕರು ಹೇಳುತ್ತಾರೆ. ನಮ್ಮ ಮಹಾರಾಷ್ಟ್ರದಲ್ಲೇ, ಪುಣೆ ಜಿಲ್ಲೆಯ ರಾಜಗುರುನಗರದಲ್ಲಿ, ಉಳ್ಳಾಗಡ್ಡಿ ಮತ್ತು ಬೆಳ್ಳುಳ್ಳಿಗೆ ಅಂತಲೇ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಇದೆ. ಭೀಮಾ ಶಕ್ತಿ, ಭೀಮಾ ಕಿರಣ ಅನ್ನುವ ತಳಿಗಳು ಅಲ್ಲಿಂದಲೇ ಬಂದವು.

ನುಸಿ ಎಲೆಯನ್ನು ಕೆರೆದು ರಸ ಹೀರುತ್ತದೆ. ಕೆರೆದ ಜಾಗವೇ ಬಿಳಿ ಗೀರು. ಬಿಸಿಲು, ಒಣ ಹವೆ ಅದಕ್ಕೆ ಬಹಳ ಪ್ರೀತಿ. ಮಳಿ ಬಿದ್ದರೆ ತೊಳೆದು ಹೋಗುತ್ತದೆ. ಅಂದ್ರ ಮೊದಲ ಉಪಾಯ ಸಿಕ್ಕಿತು. ಬೆಳಿಗ್ಗೆ ತಪ್ಪಲದ ಮೇಲೆ, ಸಂದಿಗೆ ಬೀಳುವ ಹಂಗ, ಜೋರಾಗಿ ನೀರು ಚಿಮುಕಿಸ್ರಿ. ಝಾರಿ ಇದ್ದರೆ ಝಾರಿ, ಇಲ್ಲದಿದ್ದರೆ ಮುಚ್ಚಳಕ್ಕೆ ತೂತು ಹಾಕಿದ ಪ್ಲಾಸ್ಟಿಕ್ ಬಾಟಲಿ. ನಾಲ್ಕೈದು ದಿನ ಹಿಂಗ ಮಾಡಿದರೆ ಸಣ್ಣ ಮಡಿಯಲ್ಲಿ ನುಸಿ ಬಹಳ ಕಡಿಮೆ ಆಗುತ್ತದೆ.

ಎರಡನೆಯದು ಬೇವು. ಬೇವಿನ ಬೀಜದ ಒಳಗಿನ ತಿರುಳು 50 ಗ್ರಾಂ ತಗೊಳ್ರಿ. ಕುಟ್ಟಿ ಪುಡಿ ಮಾಡ್ರಿ. ಅರಿವಿಯಲ್ಲಿ ಗಂಟು ಕಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನಸ್ರಿ. ಮರುದಿನ ಗಂಟನ್ನು ಚೆನ್ನಾಗಿ ಹಿಂಡ್ರಿ, ನೀರು ಹಾಲಿನಂತೆ ಆಗಬೇಕು. ಅದಕ್ಕೆ ಚಿಟಿಕೆ ಸಾಬಾನ ಕಲಸ್ರಿ. ಸಾಬಾನ ಯಾಕೆ? ಉಳ್ಳಾಗಡ್ಡಿ ಎಲೆಯ ಮೇಲೆ ಮೇಣದಂಥ ಪದರು ಇದೆ. ಬರಿ ನೀರು ಅದರ ಮೇಲೆ ನಿಲ್ಲದೆ ಜಾರಿ ಬೀಳುತ್ತದೆ. ಸಂಜೆ ಹೊತ್ತಿನಲ್ಲಿ ಹೊಡೀರಿ, ಬಿಸಿಲಿಗೆ ಬೇವಿನ ಶಕ್ತಿ ಹೋಗುತ್ತದೆ. ಎಂಟು ದಿನ ಬಿಟ್ಟು ಇನ್ನೊಮ್ಮೆ ಹೊಡೀರಿ. ಒಂದೇ ಸಲ ಹೊಡೆದು ಕೈ ಬಿಡಬೇಡ್ರಿ. ನುಸಿ ಎಲೆಯ ಒಳಗೆ ಮೊಟ್ಟೆ ಇಡುತ್ತದೆ. ಮೊದಲ ಸಲ ಹೊಡೆದಾಗ ಮೊಟ್ಟೆ ಸಾಯುವುದಿಲ್ಲ. ಮರಿ ಹೊರಗೆ ಬಂದಾಗ ಎರಡನೆಯ ಸಲದ ಬೇವು ತಾಗಬೇಕು.

ಮುಂದಿನ ಸಲಕ್ಕೆ ಇನ್ನೊಂದು ಉಪಾಯ. ಅಗಿ ಹಚ್ಚುವ ಒಂದು ತಿಂಗಳು ಮೊದಲೇ ಮಡಿಯ ಸುತ್ತ ಎರಡು ಸಾಲು ಗೋವಿನಜೋಳ ಬಿತ್ತ್ರಿ. ನುಸಿ ಗಾಳಿಯಲ್ಲಿ ತೇಲಿ ಬರುತ್ತದೆ, ಗೋವಿನಜೋಳ ಗೋಡೆಯ ಹಂಗ ತಡೆಯುತ್ತದೆ. ತೆನಿಯೂ ಸಿಗುತ್ತದೆ. ಪಕ್ಕದಲ್ಲಿ ಬೆಳ್ಳುಳ್ಳಿ ಹಚ್ಚಬೇಡ್ರಿ. ಎರಡೂ ಒಂದೇ ಬಳಗ. ಪರದೇಶದಲ್ಲಿ ಲೀಕ್ ಅಂತ ಒಂದು ಗಡ್ಡಿ ಇಲ್ಲದ ಉಳ್ಳಾಗಡ್ಡಿ ಬೆಳೆಯುತ್ತಾರೆ, ಅದರ ದಪ್ಪ ದಂಟು ತಿನ್ನುತ್ತಾರೆ. ಅಲ್ಲಿಯ ರೈತರಿಗೂ ಇದೇ ನುಸಿಯ ಕಾಟ.

ಕೆಲವರು ತಪ್ಪಲದ ಮೇಲೆ ಒಲಿಯ ಬೂದಿ ಉದುರಿಸುತ್ತಾರೆ. ಒಂದು ಸಲ ಸ್ವಲ್ಪ ಉದುರಿಸಿದರೆ ಕೇಡಿಲ್ಲ. ದಿನಾ ಬುಟ್ಟಿಗಟ್ಟಲೆ ಸುರಿಯುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ನಮ್ಮ ಸುಣ್ಣದ ಅಂಶದ ಭೂಮಿಗೆ ಬೂದಿ ಇನ್ನಷ್ಟು ಕ್ಷಾರ ಕೂಡಿಸುತ್ತದೆ.

ನೇರಳೆ ಬಣ್ಣದ ಮಚ್ಚೆ

ಇದು ಬೇರೆ ರೋಗ, ಇದರ ಗುರುತು ಬೇರೆ. ಎಲೆಯ ಮೇಲೆ ಮೊದಲು ಸಣ್ಣ ಬಿಳಿ ಚುಕ್ಕಿ ಬೀಳುತ್ತದೆ. ಅದು ದೊಡ್ಡದಾಗಿ, ಉದ್ದ ಆಗಿ, ನಡುವೆ ನೇರಳೆ ಹಣ್ಣಿನ ಬಣ್ಣ ಬರುತ್ತದೆ. ಸುತ್ತ ಹಳದಿ ಅಂಚು. ಕೆಲವು ದಿನಕ್ಕೆ ಎಲೆ ಅಲ್ಲಿಗೇ ಮುರಿದು ಜೋತು ಬೀಳುತ್ತದೆ. ಕನ್ನಡದಲ್ಲಿ ನೇರಳೆ ಮಚ್ಚೆ ರೋಗ, ಮರಾಠಿಯಲ್ಲಿ ಜಾಂಭಳಾ ಕರಪಾ. ಇದು ಹುಳ ಅಲ್ಲ. ಇದೊಂದು ಶಿಲೀಂಧ್ರ. ಶಿಲೀಂಧ್ರ ಅಂದ್ರ ಹಳೆ ರೊಟ್ಟಿಯ ಮೇಲೆ ಬೆಳೆಯುತ್ತದಲ್ಲ, ಬೂಷ್ಟು, ಆ ಜಾತಿ.

ಬೂಷ್ಟಿಗೆ ಏನು ಬೇಕು? ತೇವ. ಮೋಡ ಮುಸುಕಿದ ದಿನ, ಬೆಳಗಿನ ಮಂಜು, ಒಂದೇ ಸಮ ಹಿಡಿದ ಜಿಟಿಜಿಟಿ ಮಳಿ. ಎಲೆ ಎಷ್ಟು ಹೊತ್ತು ತೊಯ್ದಿರುತ್ತದೋ ಅಷ್ಟು ಅದಕ್ಕೆ ಅನುಕೂಲ. ನುಸಿ ಕೆರೆದ ಗಾಯ ಇದ್ದರೆ ಒಳಗೆ ಹೋಗಲಿಕ್ಕೆ ಬಾಗಿಲು ತೆರೆದಿಟ್ಟ ಹಂಗ.

ಈಗ ಇಲ್ಲಿ ನಿಂತು ಸ್ವಲ್ಪ ವಿಚಾರ ಮಾಡ್ರಿ. ನುಸಿ ಬಿದ್ದರೆ ತಪ್ಪಲದ ಮೇಲೆ ನೀರು ಹೊಡೀರಿ ಅಂತ ಹೇಳಿದೆ. ನೇರಳೆ ಮಚ್ಚೆ ಬಿದ್ದ ಮಡಿಗೆ ಅದನ್ನೇ ಮಾಡಿದರೆ? ರೋಗ ಮಡಿ ತುಂಬ ಹಬ್ಬುತ್ತದೆ. ಒಂದಕ್ಕೆ ಔಷಧ ಆದದ್ದು ಇನ್ನೊಂದಕ್ಕೆ ವಿಷ. ಅಂಗಡಿಯ ಬಾಟಲಿಗೂ ಇದೇ ಮಾತು. ಹುಳದ ಎಣ್ಣಿ ಬೂಷ್ಟನ್ನು ಕೊಲ್ಲುವುದಿಲ್ಲ. ಬೂಷ್ಟಿನ ಪೌಡರು ನುಸಿಗೆ ಏನೂ ಮಾಡುವುದಿಲ್ಲ. ಬಿಳಿ ಗೀರೋ, ನೇರಳೆ ಮಚ್ಚೆಯೋ ಅಂತ ನೋಡದೆ ರೊಕ್ಕ ಬಿಚ್ಚಬೇಡ್ರಿ.

ಮಚ್ಚೆ ಬಿದ್ದ ಎಲೆಗಳನ್ನು ಬಿಸಿಲು ಬಂದ ಮೇಲೆ, ತಪ್ಪಲ ಒಣಗಿದಾಗ ಕತ್ತರಿಸ್ರಿ. ಮಡಿಯಲ್ಲೇ ಬಿಸಾಡಬೇಡ್ರಿ, ತಿಪ್ಪಿಗೂ ಹಾಕಬೇಡ್ರಿ. ದೂರ ಒಯ್ದು ಹೂಳ್ರಿ. ನೀರು ಬೆಳಿಗ್ಗೆ ಬಿಡ್ರಿ, ಬುಡಕ್ಕೆ ಮಾತ್ರ ಬಿಡ್ರಿ. ಸಂಜೆ ಬಿಟ್ಟರೆ ರಾತ್ರಿ ಎಲ್ಲ ತೇವ ಉಳಿಯುತ್ತದೆ. ಗಿಡ ಒತ್ತೊತ್ತಾಗಿ ಇದ್ದರೆ ನಡುನಡುವೆ ಕಿತ್ತು ಝುಣಕ ಮಾಡ್ರಿ, ಉಳಿದವಕ್ಕೆ ಗಾಳಿ ಆಡುತ್ತದೆ. ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರು, ಸಾಲಿನಿಂದ ಸಾಲಿಗೆ 15 ಸೆಂಟಿಮೀಟರು ಇರಬೇಕು. ಕಸ ತೆಗೀರಿ. ಉಳ್ಳಾಗಡ್ಡಿಗೆ ಹೊಸ ಎಲೆ ಯಾವಾಗಲೂ ನಡುವಿನಿಂದ ಬರುತ್ತದೆ. ನಡುವಿನ ಸುಳಿ ಹಸಿರಾಗಿ ಗಟ್ಟಿ ಇದ್ದರೆ ಗಿಡ ಬದುಕಿದೆ, ಹೊರಗಿನ ಮೂರು ಎಲೆ ಹೋದರೂ ಚಿಂತಿ ಇಲ್ಲ.

ಮುಂಗಾರಿ ಮಳಿ ಜಾಸ್ತಿ ಆದ ವರ್ಷ ಇನ್ನೊಂದು ಬೂಷ್ಟು ಬರುತ್ತದೆ. ಎಲೆಗಳು ತಿರುಚಿ, ಸುರುಳಿ ಸುತ್ತಿ ನೆಲಕ್ಕೆ ಬೀಳುತ್ತವೆ. ಕುತ್ತಿಗೆ ಉದ್ದ ಆಗುತ್ತದೆ. ಮರಾಠಿಯಲ್ಲಿ ಇದಕ್ಕೆ ಕಾಳಾ ಕರಪಾ ಅನ್ನುತ್ತಾರೆ. ನೀರು ನಿಂತ ಮಡಿಯಲ್ಲೇ ಹೆಚ್ಚು. ನೀರು ಹೊರಗೆ ಹಾಕುವುದೇ ಇದಕ್ಕೆ ಮೊದಲ ಕೆಲಸ.

ಯಾವುದು ಉಳಿಯುವುದಿಲ್ಲ?

ಕಿತ್ತ ಗಿಡದ ಗಡ್ಡಿಯ ತಳ ನೋಡ್ರಿ. ತಳ ಮೆತ್ತಗಾಗಿ, ಅಲ್ಲಿ ಬಿಳಿ ಬೂಷ್ಟು ಹತ್ತಿ, ಬೇರು ಕೊಳೆತು ಕೈಗೇ ಬಂದರೆ ಅದು ತಳ ಕೊಳೆ ರೋಗ. ಈ ಗಿಡ ಬದುಕುವುದಿಲ್ಲ. ಯಾವ ಎಣ್ಣಿ ಹೊಡೆದರೂ ಬದುಕುವುದಿಲ್ಲ. ಇದನ್ನು ಯಾರೂ ನಮಗೆ ಸ್ಪಷ್ಟ ಹೇಳುವುದಿಲ್ಲ, ಅದಕ್ಕೇ ಬಹಳ ರೊಕ್ಕ ಹಾಳಾಗುತ್ತದೆ. ಅಂಥ ಗಿಡಗಳನ್ನು ಬುಡದ ಮಣ್ಣು ಸಮೇತ ಕಿತ್ತು ಹೊರಗೆ ಒಯ್ರಿ. ಬಾಜೂಕಿನ ಗಿಡಗಳಿಗೆ ನೀರು ಕಡಿಮೆ ಮಾಡ್ರಿ. ರೋಗದ ಬೀಜ ಮಣ್ಣಿನಲ್ಲೇ ಉಳಿಯುತ್ತದೆ. ಆ ಜಾಗದಲ್ಲಿ ಎರಡು ಮೂರು ವರ್ಷ ಉಳ್ಳಾಗಡ್ಡಿಯನ್ನೂ ಬೆಳ್ಳುಳ್ಳಿಯನ್ನೂ ಹಚ್ಚಬೇಡ್ರಿ. ಜೋಳ, ಸಜ್ಜಿ ಬಿತ್ತಬಹುದು.

ಇನ್ನೊಂದು ಹಳದಿ ಇದೆ. ಅದು ರೋಗವೇ ಅಲ್ಲ. ಅಗಿ ಹಚ್ಚಿ ಮೂರುವರೆ, ನಾಲ್ಕು ತಿಂಗಳು ಆಗಿದೆ. ಗಡ್ಡಿ ತುಂಬಿದೆ. ಈಗ ತಪ್ಪಲ ಹಳದಿ ಆಗಿ ಕುತ್ತಿಗೆ ಬಾಗಿ ಬೀಳುತ್ತಿದೆ. ಗಿಡಕ್ಕೆ ವಯಸ್ಸಾಯಿತು, ಅಷ್ಟೇ. ತಪ್ಪಲದ ಸತ್ವ ಗಡ್ಡಿಗೆ ಇಳಿಯುತ್ತಿದೆ. ಹೆದರಿ ನೀರು ಬಿಡಬೇಡ್ರಿ, ಯೂರಿಯಾ ಹಾಕಬೇಡ್ರಿ. ನೀರು ನಿಲ್ಲಿಸ್ರಿ. ಹಿಂಗಾರಿ ಬೆಳೆಯಲ್ಲಿ ಅರ್ಧದಷ್ಟು ಗಿಡಗಳ ಕುತ್ತಿಗೆ ಬಿದ್ದ ಮೇಲೆ ಕಿತ್ತು, ತಪ್ಪಲ ಸಮೇತ ಮೂರು ನಾಲ್ಕು ದಿನ ಒಣಗಿಸಿ ಇಟ್ಟರೆ ಗಡ್ಡಿ ಬಹಳ ದಿನ ಬಾಳುತ್ತದೆ.

ಅಂಗಡಿಗೆ ಹೋಗಲೇಬೇಕಾದರೆ

ನುಸಿ ಬಹಳ ಆಗಿದೆ, ಬೇವು ಸಾಲಲಿಲ್ಲ. ಇಲ್ಲವೇ ಮಚ್ಚೆ ಮಡಿ ತುಂಬಿತು. ಆಗ ಅಂಗಡಿಗೆ ಹೋಗ್ರಿ. ಬರಿಗೈಯಲ್ಲಿ ಹೋಗಬೇಡ್ರಿ. ರೋಗದ ಒಂದು ಗಿಡ ಬೇರು ಸಮೇತ ಚೀಲದಲ್ಲಿ ಹಾಕಿಕೊಂಡು ಹೋಗ್ರಿ.

ನಮ್ಮಲ್ಲಿ ಬಾಟಲಿಯ ಮೇಲೆ ಬಹಳ ಸಲ ಮರಾಠಿ ಇರುತ್ತದೆ. ಮೂರು ಶಬ್ದ ಗುರುತು ಇಟ್ಟುಕೊಳ್ರಿ. ಕೀಟಕನಾಶಕ ಅಂದ್ರ ಹುಳ ಕೊಲ್ಲುವುದು. ಬುರಶೀನಾಶಕ ಅಂದ್ರ ಬೂಷ್ಟು ಕೊಲ್ಲುವುದು. ತಣನಾಶಕ ಅಂದ್ರ ಕಸ ಕೊಲ್ಲುವುದು. ಮೂರನೆಯದು ಬಹಳ ಹುಷಾರು. ಗೊತ್ತಿಲ್ಲದೆ ತಣನಾಶಕ ಹೊಡೆದರೆ ಕಸದ ಜೋಡಿ ಉಳ್ಳಾಗಡ್ಡಿಯೂ ಸುಟ್ಟು ಹೋಗಬಹುದು. ಬೇರೆಯವರ ಪಂಪು ತಂದರೆ, "ಇದರಾಗ ಮೊದಲ ಏನ್ ಹೊಡದಿದ್ರಿ ಅಣ್ಣ?" ಅಂತ ಕೇಳ್ರಿ. ಸಾಬಾನ ಹಾಕಿ ಎರಡು ಮೂರು ಸಲ ತೊಳೆದ ಮೇಲೇ ಬಳಸ್ರಿ.

ಬಾಟಲಿಯ ಮೇಲೆ ಚೌಕದೊಳಗೆ ಒಂದು ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅಂದ್ರ ಎಲ್ಲಕ್ಕಿಂತ ಘೋರ ವಿಷ. ಆಮೇಲೆ ಹಳದಿ, ಆಮೇಲೆ ನೀಲಿ, ಕಡೆಗೆ ಹಸಿರು. ಹಸಿರು ಇದ್ದರೂ ವಿಷವೇ, ಕಡಿಮೆ ವಿಷ ಅಷ್ಟೇ. ಹಿತ್ತಲದ ಮಡಿಗೆ ಕೆಂಪು, ಹಳದಿ ತರಲೇಬೇಡ್ರಿ. ಮೊನೊಕ್ರೊಟೊಫಾಸ್ ಅನ್ನುವ ಎಣ್ಣಿಯನ್ನು ತರಕಾರಿಗೆ ಹೊಡೆಯಬಾರದು ಅಂತ ಸರ್ಕಾರ 2005ರಲ್ಲೇ ನಿಷೇಧ ಮಾಡಿದೆ. ಯಾರಾದರೂ ಹಳೆ ಬಾಟಲಿ ಕೊಡಲಿಕ್ಕೆ ಬಂದರೆ ಬೇಡ ಅನ್ನ್ರಿ.

ಇನ್ನೊಂದು ಅಂಕಿ ಹುಡುಕ್ರಿ. ಹೊಡೆದ ಮೇಲೆ ಎಷ್ಟು ದಿನ ಕಾಯಬೇಕು ಅಂತ ಒಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಮರಾಠಿಯಲ್ಲಿ ಪ್ರತೀಕ್ಷಾ ಕಾಲಾವಧಿ. ಅಷ್ಟು ದಿನ ಆ ಮಡಿಯ ತಪ್ಪಲ ತಿನ್ನಬಾರದು, ಸಂತಿಗೂ ಒಯ್ಯಬಾರದು. ಗಡ್ಡಿಗಿಂತ ತಪ್ಪಲಕ್ಕೆ ಈ ಮಾತು ಹೆಚ್ಚು ಲಾಗೂ. ಎಣ್ಣಿ ಬೀಳುವುದು ತಪ್ಪಲದ ಮೇಲೆ. ನಾವು ತಿನ್ನುವುದೂ ಅದನ್ನೇ. ಹೊಡೆದ ತಾರೀಖನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ನೀವೇ ಬರೀರಿ. ಮನಿಯಲ್ಲಿ ಎಲ್ಲರಿಗೂ ಗೊತ್ತಾಗಲಿ.

ಸಂಶಯ ಉಳಿದರೆ ಕಿಸಾನ್ ಕಾಲ್ ಸೆಂಟರಿಗೆ ಫೋನು ಹಚ್ಚಬಹುದು. ನಂಬರು 1800-180-1551. ರೊಕ್ಕ ಬೀಳುವುದಿಲ್ಲ. ಬೆಳಿಗ್ಗೆ 6 ರಿಂದ ರಾತ್ರಿ 10ರ ತನಕ ಇರುತ್ತಾರೆ. ಅಗಿ ಹಚ್ಚಿ ಎಷ್ಟು ದಿನ ಆಯಿತು, ಮಣ್ಣು ಎರಿಯೋ ಮಸಾರಿಯೋ, ನೀರು ಸವಳೋ ಸಿಹಿಯೋ, ಬೇರಿನ ಬಣ್ಣ ಏನು, ಎಲೆಯ ಮೇಲೆ ಗೀರೋ ಮಚ್ಚೆಯೋ, ಇಷ್ಟನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ರಿ. ಅವರು ಮರಾಠಿಯಲ್ಲಿ ಮಾತಾಡಿದರೆ ಗಾಬರಿ ಬೇಡ. ಉಳ್ಳಾಗಡ್ಡಿಗೆ ಕಾಂದಾ, ತಪ್ಪಲಕ್ಕೆ ಪಾತ, ಬೇರಿಗೆ ಮೂಳ, ಹಳದಿಗೆ ಪಿವಳಾ ಅನ್ನ್ರಿ. ಉಳಿದದ್ದನ್ನು ಚೀಟಿ ನೋಡಿ ಓದಿ ಹೇಳ್ರಿ.